ಕೂಡಿ ಬಾಳುವ ಮುನ್ನ: ಕೋಹೌಸಿಂಗ್, ಕಮ್ಯೂನ್, ಸಹಕಾರ ವಸತಿಗಳನ್ನು ಅಳೆದು ನೋಡುವುದು ಹೇಗೆ?

ನಿವೃತ್ತಿಗೆ ಹತ್ತಿರವಾದ ಗೆಳೆಯರು ನಾಲ್ಕು ಜನ ಸೇರಿದರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: ಎಲ್ಲರೂ ಸೇರಿ ಒಂದೆರಡು ಎಕರೆ ತೆಗೆದುಕೊಂಡು ಅಕ್ಕಪಕ್ಕದಲ್ಲೇ ಮನೆ ಕಟ್ಟಿಕೊಂಡು ಇದ್ದುಬಿಡೋಣ. ಮಕ್ಕಳು ದೂರದಲ್ಲಿದ್ದಾರೆ, ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಹೆಸರೂ ಗೊತ್ತಿಲ್ಲ. ಆಸೆ ಸಹಜವೇ. ಆದರೆ ಆ ನಾಲ್ವರ ಮನಸ್ಸಿನಲ್ಲಿರುವ ಚಿತ್ರ ಒಂದೇ ಅಲ್ಲ. ಒಬ್ಬರಿಗೆ ಆಶ್ರಮ ಬೇಕು, ಒಬ್ಬರಿಗೆ ತೋಟ, ಮತ್ತೊಬ್ಬರಿಗೆ ಅಡುಗೆಯವರಿರುವ ಅಪಾರ್ಟ್‌ಮೆಂಟ್. ನಾಲ್ಕನೆಯವರಿಗೆ ಬೇಕಾಗಿರುವುದು ಸಂಜೆ ಹರಟೆಗೆ ಜನ, ಅಷ್ಟೆ.

ಹೀಗೆ ಬೇಕೆಂದೇ ಕೂಡಿ ಬಾಳಲು ಹೊರಟವರು ಜಗತ್ತಿನಲ್ಲಿ ಬೇಕಾದಷ್ಟಿದ್ದಾರೆ. ಕೋಹೌಸಿಂಗ್ (ಮನೆ ಬೇರೆ, ಬದುಕಿನ ಒಂದಷ್ಟು ಭಾಗ ಒಟ್ಟಿಗೆ), ಕಮ್ಯೂನ್ (ದುಡಿದ ಹಣವೂ ಒಟ್ಟಿಗೆ), ಇಸ್ರೇಲಿನ ಕಿಬ್ಬುತ್ಸ್ ಎಂಬ ಸಾಮೂಹಿಕ ಹಳ್ಳಿ, ಪರಿಸರ ಗ್ರಾಮ, ವಸತಿ ಸಹಕಾರ ಸಂಘ, ಭೂ ಟ್ರಸ್ಟ್ ಎಂದು ಹೆಸರುಗಳೂ ಹಲವು. ಅತಿಥಿಯಾಗಿ ಒಂದು ದಿನ ಹೋಗಿ ಬಂದವರಿಗೆ ಇವೆಲ್ಲ ಒಂದೇ ರೀತಿ ಕಾಣುತ್ತವೆ. ಎಲ್ಲ ಕಡೆಯೂ ಊಟದ ಹಾಲ್, ತರಕಾರಿ ಮಡಿ, ಕೆಲಸದ ಪಾಳಿ ಬರೆದ ಬೋರ್ಡು. ವ್ಯತ್ಯಾಸ ಇರುವುದು ಕಣ್ಣಿಗೆ ಬೀಳದ ಕಡೆ. ಅದನ್ನು ಕೆದಕಲು ಕೆಲವು ಪ್ರಶ್ನೆಗಳನ್ನು ಒಂದು ಕ್ರಮದಲ್ಲಿ ಕೇಳಬೇಕು. ನನ್ನ ಮಟ್ಟಿಗೆ ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಆದರೆ ಮೊದಲೆರಡಕ್ಕೆ ಉತ್ತರ ಸಿಗದೆ ಅದನ್ನು ಕೇಳಿಯೂ ಪ್ರಯೋಜನವಿಲ್ಲ.

ಹೆಜ್ಜೆ 1: ದುಡಿದ ಹಣ ಯಾರ ಜೇಬಿಗೆ ಹೋಗುತ್ತದೆ ಎಂದು ಕೇಳಿ

ಇಂದಿನ ಅರ್ಥದ ಕೋಹೌಸಿಂಗ್ ರೂಪುಗೊಂಡದ್ದು ಡೆನ್ಮಾರ್ಕಿನಲ್ಲಿ. ಯಾನ್ ಗುಡ್ಮಂಡ್ ಹೋಯರ್ ಎಂಬ ವಾಸ್ತುಶಿಲ್ಪಿ 1964ರಲ್ಲಿ ಕೆಲವು ಗೆಳೆಯರನ್ನು ಕೂಡಿಕೊಂಡು, ಮನೆಗಳು ಬೇರೆ ಬೇರೆ ಇದ್ದರೂ ಬದುಕಿನ ಒಂದಷ್ಟು ಭಾಗ ಒಟ್ಟಿಗೆ ಸಾಗುವಂಥ ವಸತಿಯ ಬಗ್ಗೆ ಯೋಚಿಸತೊಡಗಿದರು. ಕೋಪನ್‌ಹೇಗನ್ ಹತ್ತಿರ ಜಾಗವನ್ನೂ ಕೊಂಡರು. ಅಷ್ಟೊಂದು ಮಕ್ಕಳು ಒಂದೇ ಕಡೆ ಸೇರಿದರೆ ಗದ್ದಲವಾಗುತ್ತದೆ ಎಂದು ಸುತ್ತಲಿನವರು ತಕರಾರು ತೆಗೆದದ್ದರಿಂದ ಅದು ಕೈತಪ್ಪಿತು. 1967ರಲ್ಲಿ ಬೋದಿಲ್ ಗ್ರೋ ಎಂಬ ಲೇಖಕಿ, ಮಗುವಿಗೆ ಇಬ್ಬರಲ್ಲ, ನೂರು ಜನ ತಂದೆತಾಯಂದಿರು ಇರಬೇಕು ಎಂದು ಪತ್ರಿಕೆಯಲ್ಲಿ ಬರೆದಾಗ ಅನೇಕ ಕುಟುಂಬಗಳು ಓಗೊಟ್ಟವು. 1972ರಲ್ಲಿ ಸೆಟ್ಟೆಡಾಮೆನ್, ಮರುವರ್ಷ ಸ್ಕ್ರೋಪ್ಲಾನೆಟ್ ವಸತಿಗಳು ಎದ್ದು ನಿಂತವು. ಮೊದಲ ಮಾತಿನಿಂದ ಗೃಹಪ್ರವೇಶದವರೆಗೆ ಎಂಟು ಒಂಬತ್ತು ವರ್ಷ. ಮುಂದಿನ ವರ್ಷವೇ ಹೋಗಿಬಿಡೋಣ ಎನ್ನುವ ಗೆಳೆಯರಿಗೆ ಈ ಲೆಕ್ಕವನ್ನು ಒಮ್ಮೆ ಹೇಳಿ.

ಗಮನಿಸಬೇಕಾದದ್ದು ಇಷ್ಟು. ಈ ವಸತಿಗಳಲ್ಲಿ ಯಾರೂ ಸಂಬಳವನ್ನು ಒಟ್ಟುಗೂಡಿಸುವುದಿಲ್ಲ. ನಿಮ್ಮ ಉದ್ಯೋಗ ನಿಮ್ಮದು, ಬ್ಯಾಂಕ್ ಖಾತೆ ನಿಮ್ಮದು, ಮನೆಯಲ್ಲಿ ಪೂರ್ಣ ಪ್ರಮಾಣದ ಅಡುಗೆಮನೆಯೂ ನಿಮ್ಮದೇ. ಸಾಮೂಹಿಕ ಖರ್ಚಿಗೆ ತಿಂಗಳ ವಂತಿಗೆ ಕೊಟ್ಟರೆ ಮುಗಿಯಿತು. ನಮ್ಮ ಕಡೆ ಅವಿಭಕ್ತ ಕುಟುಂಬ ಯಾವಾಗ ಒಡೆಯಿತೆಂದು ಕೇಳಿದರೆ ಒಲೆ ಬೇರೆಯಾದ ದಿನವನ್ನು ಹೇಳುತ್ತಾರಲ್ಲ, ಆ ಅಳತೆಯಲ್ಲಿ ಕೋಹೌಸಿಂಗ್ ಮೊದಲ ದಿನದಿಂದಲೇ ಬೇರೆ ಒಲೆಯವರ ಕೂಟ.

ಕಮ್ಯೂನ್ ಹಾಗಲ್ಲ. ಅಮೆರಿಕದ ವರ್ಜೀನಿಯಾದಲ್ಲಿ 1967ರಲ್ಲಿ ಆರಂಭವಾದ ಟ್ವಿನ್ ಓಕ್ಸ್ ಇಂದಿಗೂ ನಡೆಯುತ್ತಿದೆ. ಅಲ್ಲಿನವರು ದಶಕಗಳ ಕಾಲ ಹಗ್ಗದ ತೂಗುಮಂಚ ನೇಯ್ದು, ತೋಫು (ಸೋಯಾ ಹಾಲಿನ ಪನೀರು) ಮಾಡಿ ಮಾರಿದ್ದಾರೆ; ಹೀಗೆ ದುಡಿದ ಹಣ ಸಮುದಾಯಕ್ಕೇ ಸೇರುತ್ತದೆ. ಸದಸ್ಯರಿಗೆ ಸಂಬಳವಿಲ್ಲ; ಊಟ, ವಸತಿ, ಔಷಧೋಪಚಾರ ಮತ್ತು ಕೈಖರ್ಚಿಗೆ ಒಂದು ಸಣ್ಣ ಮೊತ್ತ. ಬದಲಿಗೆ ವಾರಕ್ಕೆ ಇಂತಿಷ್ಟು ಗಂಟೆ ಕೆಲಸ ಮಾಡಲೇಬೇಕು, ಸುಮಾರು ನಲವತ್ತು ಗಂಟೆಯ ಆಸುಪಾಸು. ಒಂದು ಮಾತನ್ನು ಮೆಚ್ಚಲೇಬೇಕು: ಅಡುಗೆ, ಪಾತ್ರೆ, ಮಕ್ಕಳ ಪಾಲನೆ ಎಲ್ಲವೂ ಆ ಗಂಟೆಗಳಲ್ಲಿ ಸೇರುತ್ತವೆ. ತೂಗುಮಂಚ ನೇಯ್ದ ಒಂದು ಗಂಟೆಗೂ ಮಗುವನ್ನು ನೋಡಿಕೊಂಡ ಒಂದು ಗಂಟೆಗೂ ಒಂದೇ ಬೆಲೆ. ನಮ್ಮ ಮನೆಗಳಲ್ಲಿ ಈ ಲೆಕ್ಕ ಬರೆಯಲು ಕುಳಿತರೆ ಎಷ್ಟು ಗಂಡಸರು ಸಾಲಗಾರರಾಗುತ್ತಾರೋ!

ಹಣ ಒಟ್ಟಿಗಿರುವ ವ್ಯವಸ್ಥೆ ಶಾಶ್ವತವೆಂದು ತಿಳಿಯಬೇಡಿ. ಮೊದಲ ಕಿಬ್ಬುತ್ಸ್ ದೆಗಾನಿಯಾ 1910ರದ್ದು. ಅಲ್ಲಿಂದ ಮುಂದೆ ದಶಕಗಳ ಕಾಲ ಎಲ್ಲರದೂ ಒಂದೇ ಗಂಟು. ಹಲವು ಕಡೆ ಮಕ್ಕಳು ರಾತ್ರಿ ಮಲಗುತ್ತಿದ್ದುದೂ ತಾಯಿಯ ಮನೆಯಲ್ಲಲ್ಲ, ಮಕ್ಕಳ ಮನೆಯಲ್ಲಿ. 1980ರ ದಶಕದಲ್ಲಿ ಇಸ್ರೇಲಿನ ಹಣದುಬ್ಬರ ಮತ್ತು ಸಾಲದ ಬಿಕ್ಕಟ್ಟು ಬಂದ ಮೇಲೆ ಒಂದೊಂದೇ ಕಿಬ್ಬುತ್ಸ್ ಬದಲಾಯಿತು. ಇಂದು ಹೆಚ್ಚಿನ ಕಿಬ್ಬುತ್ಸ್‌ಗಳಲ್ಲಿ ದುಡಿಮೆಗೆ ತಕ್ಕಂತೆ ಬೇರೆ ಬೇರೆ ಆದಾಯವಿದೆ. ದೆಗಾನಿಯಾ ಕೂಡ 2007ರಲ್ಲಿ ಆ ದಾರಿ ಹಿಡಿಯಿತು. ಹಾಗಾಗಿ ಒಂದು ಸಮುದಾಯ ತನ್ನನ್ನು ಏನೆಂದು ಕರೆದುಕೊಳ್ಳುತ್ತದೆ ಎನ್ನುವುದಕ್ಕಿಂತ, ಈ ತಿಂಗಳು ಹಣ ಹೇಗೆ ಹಂಚಿಕೆಯಾಯಿತು ಎಂದು ಕೇಳುವುದು ಒಳ್ಳೆಯದು.

ಪರಿಸರ ಗ್ರಾಮ ಎಂಬ ಹೆಸರಂತೂ ಹಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಇಥಾಕಾ ಪರಿಸರ ಗ್ರಾಮವನ್ನು ಬಿಡಿಸಿ ನೋಡಿದರೆ ಅದು ಮೂರು ಕೋಹೌಸಿಂಗ್ ಕೇರಿಗಳ ಜೋಡಣೆ.

ಹೆಜ್ಜೆ 2: ಕಾಗದಪತ್ರ ಯಾರ ಹೆಸರಿನಲ್ಲಿದೆ ಎಂದು ನೋಡಿ

ಅಮೆರಿಕದ ಹೆಚ್ಚಿನ ಕೋಹೌಸಿಂಗ್‌ಗಳು ಕಾನೂನಿನ ಕಣ್ಣಿಗೆ ಸಾಮಾನ್ಯ ಅಪಾರ್ಟ್‌ಮೆಂಟ್‌ಗಳೇ. ಮನೆ ನಿಮ್ಮ ಹೆಸರಿಗೆ, ಹೊರಾಂಗಣದಲ್ಲಿ ಎಲ್ಲರಿಗೂ ಪಾಲು, ನೋಡಿಕೊಳ್ಳಲು ನಿವಾಸಿಗಳ ಸಂಘ. ಕ್ಯಾಲಿಫೋರ್ನಿಯಾದ ಡೇವಿಸ್ ಪಟ್ಟಣದಲ್ಲಿ 1991ರಲ್ಲಿ 26 ಮನೆಗಳೊಡನೆ ಆರಂಭವಾದ ಮ್ಯೂರ್ ಕಾಮನ್ಸ್, ಆ ದೇಶದಲ್ಲಿ ಈ ಉದ್ದೇಶಕ್ಕಾಗಿಯೇ ಹೊಸದಾಗಿ ಕಟ್ಟಿದ ಮೊದಲ ವಸತಿ. ಇಂಥ ಮನೆಗೆ ಬ್ಯಾಂಕು ಸಾಲ ಕೊಡುತ್ತದೆ, ಅದನ್ನು ಮಾರಲೂಬಹುದು, ಮಕ್ಕಳಿಗೆ ಬಿಡಲೂಬಹುದು. ಕೊಳ್ಳುವ ಶಕ್ತಿಯಿದ್ದವರಿಗೆ ಮಾತ್ರ ಎನ್ನುವುದೇ ಇದರ ಕೊರತೆ. ಬಾಡಿಗೆಯ ಕೋಹೌಸಿಂಗ್ ಇಲ್ಲವೇ ಇಲ್ಲ ಎಂದಲ್ಲ. ಡೆನ್ಮಾರ್ಕಿನ ಟಿಂಗ್‌ಗಾರ್ಡನ್ 1978ರಲ್ಲೇ ಬಾಡಿಗೆದಾರರಿಗಾಗಿ ಕಟ್ಟಿದ ವಸತಿ.

ಸಹಕಾರ ವಸತಿಯಲ್ಲಿ ಮನೆ ಸಂಘದ್ದು, ನಿಮ್ಮ ಕೈಯಲ್ಲಿರುವುದು ಷೇರು. ಮುಂಬೈನ ಹೌಸಿಂಗ್ ಸೊಸೈಟಿಗಳನ್ನು ಕಂಡವರಿಗೆ ಇದು ಹೊಸತಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 2013ರಲ್ಲಿ ಜನ ಬಂದು ನೆಲೆಸಿದ ಲಿಲಾಕ್ ಇದನ್ನು ಕೋಹೌಸಿಂಗ್ ಜೊತೆ ಬೆಸೆದಿದೆ. ಮರ ಮತ್ತು ಒಣಹುಲ್ಲಿನ ಗೋಡೆಯ 20 ಮನೆಗಳು. ಪ್ರತಿ ಮನೆಯವರೂ ಆದಾಯದ ಶೇ 35ರಷ್ಟನ್ನು ಸಂಘಕ್ಕೆ ಕಟ್ಟುತ್ತಾರೆ, ಅದಕ್ಕೆ ತಕ್ಕ ಷೇರು ಅವರ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ಹೆಚ್ಚು ಸಂಬಳದವರು ಹೆಚ್ಚು ಕಟ್ಟುತ್ತಾರೆ, ಆದರೆ ಮನೆಯನ್ನು ಪೇಟೆಯ ಬೆಲೆಗೆ ಮಾರಿ ಲಾಭ ಮಾಡಿಕೊಳ್ಳಲು ಯಾರಿಗೂ ಬರುವುದಿಲ್ಲ.

ಭೂ ಟ್ರಸ್ಟಿನಲ್ಲಿ ನೆಲ ಟ್ರಸ್ಟಿನದು, ಅದರ ಮೇಲಿನ ಮನೆ ನಿಮ್ಮದು. ಕರಿಯ ರೈತರನ್ನು ನೆಲದಿಂದ ಒಕ್ಕಲೆಬ್ಬಿಸುತ್ತಿದ್ದ ಕಾಲದಲ್ಲಿ, ಅಮೆರಿಕದ ಜಾರ್ಜಿಯಾದಲ್ಲಿ 1969ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರು ಕಟ್ಟಿದ ನ್ಯೂ ಕಮ್ಯುನಿಟೀಸ್ ಈ ಮಾದರಿಯ ಮೊದಲಿಗ.

ನಮಗೆ ಹತ್ತಿರದ ಉದಾಹರಣೆ ಆರೋವಿಲ್. 1968ರ ಫೆಬ್ರವರಿ 28ರಂದು ಉದ್ಘಾಟನೆಯಾದ ಈ ಊರು 1988ರ ಸಂಸತ್ತಿನ ಕಾಯ್ದೆಯ ಪ್ರಕಾರ ಒಂದು ಪ್ರತಿಷ್ಠಾನಕ್ಕೆ ಸೇರಿದೆ. ನೀವು ಹಣ ಹಾಕಿ ಕಟ್ಟಿದ ಮನೆಯಾದರೂ ಅದರ ಒಡೆತನ ನಿಮ್ಮದಾಗುವುದಿಲ್ಲ. ನಿವಾಸಿಗಳ ಸಭೆಯ ಜೊತೆಗೆ ಕೇಂದ್ರ ಸರ್ಕಾರ ನೇಮಿಸುವ ಆಡಳಿತ ಮಂಡಳಿಯೂ ಇದೆ. ಇತ್ತೀಚಿನ ವರ್ಷಗಳಲ್ಲಿ ಇವರಿಬ್ಬರ ಜಗಳ ನ್ಯಾಯಾಲಯದವರೆಗೂ ಹೋಗಿದೆ. ಆದರ್ಶ ಎಷ್ಟೇ ಎತ್ತರದ್ದಿರಲಿ, ಮರ ಕಡಿದು ರಸ್ತೆ ಮಾಡಬೇಕೆ ಬೇಡವೆ ಎಂಬ ಪ್ರಶ್ನೆ ಎದ್ದಾಗ ಕಾಯ್ದೆಯಲ್ಲಿ ಏನಿದೆ ಎಂದೇ ನೋಡಬೇಕಾಗುತ್ತದೆ.

ಹೆಜ್ಜೆ 3: ಬಿಟ್ಟು ಹೊರಡುವವರಿಗೆ ಏನು ಸಿಗುತ್ತದೆ?

ಸೇರುವವರನ್ನು ಎಲ್ಲ ಸಮುದಾಯಗಳೂ ಚೆನ್ನಾಗಿಯೇ ಬರಮಾಡಿಕೊಳ್ಳುತ್ತವೆ. ಬಿಟ್ಟು ಹೋಗುವವರನ್ನು ಹೇಗೆ ಕಳುಹಿಸಿಕೊಡುತ್ತವೆ ಎಂದು ನೋಡಿದರೆ ನಿಜ ಸ್ವರೂಪ ತಿಳಿಯುತ್ತದೆ. ಈ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಿ. ಆಗ ಎದುರಿನವರು ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ.

ಹಟರೈಟರು ಎಂಬ ಕ್ರೈಸ್ತ ಪಂಗಡದವರು ಕೆನಡಾ ಮತ್ತು ಅಮೆರಿಕದಲ್ಲಿ ಕಾಲೊನಿಗಳಾಗಿ ಬದುಕುತ್ತಾರೆ. ಆಸ್ತಿಯೆಲ್ಲ ಕಾಲೊನಿಯದು. ಜನಸಂಖ್ಯೆ ನೂರೈವತ್ತರ ಹತ್ತಿರ ಬಂದರೆ ಜಾಗ ಕೊಂಡು ಇನ್ನೊಂದು ಕಾಲೊನಿಯಾಗಿ ಹೋಳಾಗುವುದು ಅವರ ಪದ್ಧತಿ; ಒಕ್ಕಲುತನದಲ್ಲಿ ಗಟ್ಟಿಗರು. ಮ್ಯಾನಿಟೋಬಾದ ಒಂದು ಕಾಲೊನಿಯಲ್ಲಿ ಕೆಲವರು ಬೇರೆ ಚರ್ಚಿನ ನಂಬಿಕೆಗೆ ಹೊರಳಿದ್ದಕ್ಕೆ ಅವರನ್ನು ಹೊರಹಾಕಲಾಯಿತು. ಇಷ್ಟು ವರ್ಷ ದುಡಿದಿದ್ದೇವೆ, ನಮ್ಮ ಪಾಲು ಕೊಡಿ ಎಂದು ಅವರು ಕೋರ್ಟಿಗೆ ಹೋದರು. 1970ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅವರಿಗೆ ಪಾಲಿಲ್ಲ ಎಂದಿತು. ಕಾಲೊನಿಯ ಕರಾರಿನಲ್ಲಿ ಹಾಗೇ ಬರೆದಿತ್ತು, ಅವರು ಅದಕ್ಕೆ ಸಹಿ ಹಾಕಿದ್ದರು. ಬದುಕಿಡೀ ದುಡಿದವರು ಬರಿಗೈಯಲ್ಲಿ ಹೊರಗೆ ಬಂದರು, ಕಾನೂನಿನ ಪ್ರಕಾರವೇ.

ಕೋಹೌಸಿಂಗ್‌ನ ದೊಡ್ಡ ಗುಣ ಇಲ್ಲಿ ಕಾಣುತ್ತದೆ. ಮನಸ್ತಾಪ ಬಂತೋ, ಮಗಳ ಊರಿಗೆ ಹೋಗಬೇಕಾಯಿತೋ, ಮನೆ ಮಾರಿ ಹೊರಡಬಹುದು. ಆದರೆ ಇದೇ ಬಾಗಿಲಿನಿಂದ ಸಮುದಾಯದ ಕಷ್ಟವೂ ಒಳಗೆ ಬರುತ್ತದೆ. ಕೊಳ್ಳುವವರು ಯಾರು ಎಂದು ಆರಿಸುವ ಪೂರ್ಣ ಅಧಿಕಾರ ಉಳಿದವರಿಗೆ ಇರುವುದಿಲ್ಲ. ಅಮೆರಿಕದಲ್ಲಂತೂ ಜನಾಂಗ, ಧರ್ಮ, ಅಂಗವೈಕಲ್ಯ ಇತ್ಯಾದಿ ಕಾರಣಕ್ಕೆ ಮನೆ ನಿರಾಕರಿಸುವುದು ಕಾನೂನುಬಾಹಿರ. ಹಾಗಾಗಿ ಬರುವವರನ್ನು ಊಟಕ್ಕೆ, ಸಭೆಗೆ ಕರೆದು, ಇಲ್ಲಿನ ಕೆಲಸಗಳು ಹೀಗಿವೆ ಎಂದು ಮುಂಚೆಯೇ ತಿಳಿಸುತ್ತಾರೆ. ಅಡುಗೆ ಪಾಳಿಯ ಹೆಸರು ಕೇಳಿ ಅರ್ಧ ಜನ ತಾವಾಗಿಯೇ ಹಿಂದೆ ಸರಿಯುತ್ತಾರೆ. ಮನೆಯ ಬೆಲೆ ಏರುತ್ತ ಹೋದಂತೆ ಮೊದಲು ಕಟ್ಟಿದ ಶಿಕ್ಷಕ, ದಾದಿಯಂಥವರ ಜಾಗಕ್ಕೆ ಅವರಿಗಿಂತ ಸ್ಥಿತಿವಂತರು ಬರುವುದನ್ನು ಮಾತ್ರ ಈ ಮಾದರಿ ತಡೆಯಲಾರದು. ಅದನ್ನು ತಡೆಯುವುದು ಭೂ ಟ್ರಸ್ಟ್ ಮತ್ತು ಲಿಲಾಕ್‌ನಂಥ ವ್ಯವಸ್ಥೆ. ಅಲ್ಲಿ ಹೊರಡುವವರಿಗೆ ಹಾಕಿದ ಹಣ ಬರುತ್ತದೆ, ಸ್ವಲ್ಪ ಏರಿಕೆಯೂ ಬರುತ್ತದೆ, ಪೇಟೆಯ ಪೂರ್ತಿ ಬೆಲೆ ಬರುವುದಿಲ್ಲ.

ನೀವು ಯಾವುದೇ ಗುಂಪಿಗೆ ಸೇರುತ್ತಿರಲಿ, ಈ ಐದು ಸಂದರ್ಭಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ: ಸ್ವಂತ ಇಚ್ಛೆಯಿಂದ ಹೊರಟರೆ, ತೀರಿಕೊಂಡರೆ, ಗಂಡ ಹೆಂಡತಿ ಬೇರೆಯಾದರೆ, ತಿಂಗಳ ಹಣ ಕಟ್ಟಲಾಗದಿದ್ದರೆ, ಗುಂಪೇ ಹೊರಗೆ ಹಾಕಿದರೆ. ಮೂರನೆಯ ಸಂದರ್ಭವನ್ನು ನಮ್ಮವರು ಬಾಯಿಬಿಟ್ಟು ಕೇಳುವುದೇ ಇಲ್ಲ. ಅಪಶಕುನ ಎಂದುಕೊಳ್ಳುತ್ತಾರೆ. ಕೇಳಿ.

ಹೆಜ್ಜೆ 4: ಕಟ್ಟಡದ ನಕ್ಷೆಯನ್ನು ಓದಿ

ಕೋಹೌಸಿಂಗನ್ನು ಉಳಿದವುಗಳಿಂದ ಬೇರೆ ಮಾಡುವ ಇನ್ನೊಂದು ಸಂಗತಿ ಅದರ ವಿನ್ಯಾಸ. ನಂಬಿಕೆಯೋ ಗುರುವೋ ಜನರನ್ನು ಹಿಡಿದಿಡದ ಕಡೆ ಆ ಕೆಲಸವನ್ನು ದಾರಿ, ಕಿಟಕಿಗಳೇ ಮಾಡಬೇಕು. ಡೆನ್ಮಾರ್ಕಿನಲ್ಲಿ ಇದನ್ನು ಅಭ್ಯಾಸ ಮಾಡಿ ಅಮೆರಿಕಕ್ಕೆ ತಂದವರು ಕ್ಯಾಥರಿನ್ ಮೆಕ್ಯಾಮೆಂಟ್ ಮತ್ತು ಚಾರ್ಲ್ಸ್ ಡ್ಯುರೆಟ್ ಎಂಬ ವಾಸ್ತುಶಿಲ್ಪಿಗಳು. ಇಂಥ ನಕ್ಷೆಯಲ್ಲಿ ಕಾರುಗಳೆಲ್ಲ ಜಾಗದ ಅಂಚಿನಲ್ಲೇ ನಿಲ್ಲುತ್ತವೆ. ಅಲ್ಲಿಂದ ಮನೆಗೆ ನಡೆದೇ ಬರಬೇಕು. ಬರುವ ದಾರಿಯಲ್ಲೇ ಎಲ್ಲರಿಗೂ ಸೇರಿದ ಕಾಮನ್ ಹೌಸ್ ಇರುತ್ತದೆ. ಅಂಚೆಯ ಡಬ್ಬ, ಬಟ್ಟೆ ಒಗೆಯುವ ಯಂತ್ರ, ಮಕ್ಕಳ ಆಟದ ಕೋಣೆ, ಅತಿಥಿಗಳ ಕೋಣೆ, ಐವತ್ತು ಅರವತ್ತು ಜನಕ್ಕೆ ಬೇಯಿಸಬಲ್ಲ ಅಡುಗೆಮನೆ ಎಲ್ಲ ಅಲ್ಲೇ. ಮನೆಗಳು ಕಾಲುದಾರಿಯ ಎರಡೂ ಬದಿ ಮುಖಾಮುಖಿ. ಪ್ರತಿ ಮನೆಯ ಪಾತ್ರೆ ತೊಳೆಯುವ ಸಿಂಕ್ ದಾರಿಗೆ ತೆರೆದ ಕಿಟಕಿಯ ಕೆಳಗೆ. ಮಲಗುವ ಕೋಣೆ ಮತ್ತು ಸ್ವಂತ ಕೈತೋಟ ಹಿಂಬದಿಯಲ್ಲಿ. ಬೆಳಗ್ಗೆ ಲೋಟ ತೊಳೆಯುತ್ತ ನಿಂತವರಿಗೆ ದಾರಿಯಲ್ಲಿ ಹೋಗುವವರು ಕಾಣುತ್ತಾರೆ. ಮಾತು ಬೇಡವೆನಿಸಿದ ದಿನ ಹಿತ್ತಲಿಗೆ ಹೋಗಿ ಕೂತರಾಯಿತು. ಹಿತ್ತಲಲ್ಲಿ ಕೂತವರನ್ನು ಕರೆಯಬಾರದು ಎಂಬುದು ಎಲ್ಲರಿಗೂ ತಿಳಿದಿರುತ್ತದೆ.

ಹಳೆಯ ಬೆಂಗಳೂರು, ಮೈಸೂರಿನ ವಠಾರದಲ್ಲಿ ಬೆಳೆದವರಿಗೆ ಇದು ನಾವು ಬಿಟ್ಟುಬಂದದ್ದೇ ಅಲ್ಲವೆ ಎನಿಸಬಹುದು. ಅಂಗಳ ಒಂದೇ, ಬಾಗಿಲುಗಳು ಎದುರುಬದುರು, ಅದೇನೋ ನಿಜ. ಆದರೆ ವಠಾರದಲ್ಲಿ ಹಿತ್ತಲಿನ ಏಕಾಂತ ಇರಲಿಲ್ಲ, ನೆರೆಯವರನ್ನು ನೀವು ಆರಿಸಿಕೊಂಡಿರಲಿಲ್ಲ, ನಲ್ಲಿ ಯಾವಾಗ ಬಿಡಬೇಕೆಂದು ಹೇಳುವವರು ಮಾಲೀಕರಾಗಿದ್ದರು.

ಸಾಮೂಹಿಕ ಊಟದ ವಿಚಾರವನ್ನು ಬಿಡಿಸಿ ಕೇಳಿ. ಹೆಚ್ಚಿನ ಕೋಹೌಸಿಂಗ್‌ಗಳಲ್ಲಿ ವಾರಕ್ಕೆ ಕೆಲವು ರಾತ್ರಿ ಮಾತ್ರ ಒಟ್ಟಿಗೆ ಊಟ. ಬರುವವರು ಮೊದಲೇ ಹೆಸರು ಬರೆಸಬೇಕು. ಇಬ್ಬರು ಮೂವರು ಸೇರಿ ಬೇಯಿಸುತ್ತಾರೆ, ಇನ್ನಿಬ್ಬರು ತೊಳೆಯುತ್ತಾರೆ. ಇಪ್ಪತ್ತೈದು ಮೂವತ್ತು ಮನೆಗಳಿದ್ದರೆ ಒಬ್ಬರ ಸರದಿ ತಿಂಗಳಿಗೊಮ್ಮೆ ಬರಬಹುದು. ಒಂದು ಸಂಜೆ ಬೆವರು ಸುರಿಸಿದರೆ ಉಳಿದ ಹತ್ತು ಸಂಜೆ ಬಡಿಸಿದ ತಟ್ಟೆಯ ಮುಂದೆ ಕೂರಬಹುದು. ಎಂಟೇ ಮನೆಗಳಿದ್ದರೆ ಈ ಲೆಕ್ಕ ಕೈಗೂಡುವುದಿಲ್ಲ. ಕನ್ನಡಿಗರ ಗುಂಪಾದರೆ ಸರದಿಗೂ ಮೊದಲು ಇತ್ಯರ್ಥವಾಗಬೇಕಾದದ್ದು ಬೇರೆ ಇದೆ: ಆ ಒಲೆಯ ಮೇಲೆ ಮೀನು ಬೇಯಬಹುದೆ? ಮೊಟ್ಟೆ? ಈರುಳ್ಳಿ, ಬೆಳ್ಳುಳ್ಳಿ? ಇದನ್ನು ಸಣ್ಣ ಮಾತೆಂದು ಮುಂದೂಡಿದ ಗುಂಪು ಅಡಿಪಾಯ ಹಾಕಿದ ಮೇಲೆ ಒಡೆಯುತ್ತದೆ. ಅಡುಗೆಯ ಮಾತಿನ ಒಳಗೆ ಜಾತಿಯ ಮಾತು ಅಡಗಿ ಕೂತಿರುತ್ತದೆ ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಹೆಜ್ಜೆ 5: ಕೊನೆಯ ಮಾತು ಯಾರದು?

ಆಶ್ರಮಗಳಲ್ಲಿ ಗುರುವಿನದು, ಹಟರೈಟರಲ್ಲಿ ಪಾದ್ರಿ ಮತ್ತು ಹಿರಿಯ ಗಂಡಸರದು. ಟ್ವಿನ್ ಓಕ್ಸ್‌ನಲ್ಲಿ ಯೋಜಕರ ಸಣ್ಣ ತಂಡವಿದ್ದು, ಅವರ ತೀರ್ಮಾನವನ್ನು ಸದಸ್ಯರು ತಳ್ಳಿಹಾಕಬಹುದು. ಕೋಹೌಸಿಂಗ್‌ನವರು ಸಾಮಾನ್ಯವಾಗಿ ಒಮ್ಮತವನ್ನು ಹಿಡಿಯುತ್ತಾರೆ. ಸಭೆಯಲ್ಲಿ ಬಣ್ಣದ ಕಾರ್ಡು ಎತ್ತುವ ರೂಢಿಯೂ ಹಲವು ಕಡೆ ಇದೆ: ಒಪ್ಪಿದರೆ ಹಸಿರು, ಸಂದೇಹವಿದ್ದರೆ ಹಳದಿ, ತಡೆಯಲೇಬೇಕೆಂದರೆ ಕೆಂಪು. ಒಂದೇ ಕೆಂಪು ಕಾರ್ಡು ಇಡೀ ನಿರ್ಣಯವನ್ನು ನಿಲ್ಲಿಸಬಲ್ಲದು. ಹಾಗಾಗಿ ನೀವು ಕೇಳಬೇಕಾದದ್ದು, ಒಮ್ಮತ ಆಗದಿದ್ದರೆ ಮುಂದೇನು ಎಂದು. ಎರಡು ಮೂರು ಸಭೆಗಳಲ್ಲಿ ಬಗೆಹರಿಯದಿದ್ದರೆ ಮತಕ್ಕೆ ಹಾಕುತ್ತೇವೆ ಎಂಬಂಥ ನಿಯಮ ಇರಬೇಕು. ಇಲ್ಲದಿದ್ದರೆ ಹೆಚ್ಚು ಹೊತ್ತು ಕೂರಬಲ್ಲ, ಹೆಚ್ಚು ಜೋರಾಗಿ ಮಾತಾಡಬಲ್ಲ ಒಬ್ಬರ ಕೈಗೆ ಊರು ಹೋಗುತ್ತದೆ.

ಹೆಜ್ಜೆ 6: ಹೋಗಿ ಇದ್ದು ನೋಡಿ

ಟ್ವಿನ್ ಓಕ್ಸ್ ಸೇರಬಯಸುವವರು ಮೂರು ವಾರ ಅಲ್ಲಿದ್ದು ಎಲ್ಲರಂತೆ ಕೆಲಸ ಮಾಡಬೇಕು. ಅಮೆರಿಕ, ಇಂಗ್ಲೆಂಡುಗಳಲ್ಲಿರುವ ಕನ್ನಡಿಗರಿಗೆ ಕೋಹೌಸಿಂಗ್ ನೋಡುವುದು ಇನ್ನೂ ಸುಲಭ. ಹಲವು ಕಡೆ ಸಾರ್ವಜನಿಕರಿಗೆ ಭೇಟಿಯ ದಿನಗಳಿರುತ್ತವೆ, ಅತಿಥಿ ಕೋಣೆಯೂ ಸಿಗಬಹುದು. ಹೋದಾಗ ಸ್ವಾಗತ ಸಮಿತಿಯವರ ಮಾತಿಗಿಂತ ಗೋಡೆಯ ಮೇಲಿನ ಕೆಲಸದ ಪಟ್ಟಿಯನ್ನು ಓದಿ. ಒಂದೇ ನಾಲ್ಕು ಹೆಸರು ಮತ್ತೆ ಮತ್ತೆ ಬಂದಿದ್ದರೆ ಉಳಿದವರು ಕೈಬಿಟ್ಟಿದ್ದಾರೆ ಎಂದರ್ಥ. ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಗಳನ್ನೂ ಓದಿ; ಒಳಜಗಳಗಳ ಚರಿತ್ರೆ ಅಲ್ಲಿರುತ್ತದೆ. ಬಿಟ್ಟು ಹೋದ ಒಬ್ಬರೊಡನೆ ಮಾತಾಡಿಸಿ ಎಂದು ಕೇಳಿ.

ಹೆಜ್ಜೆ 7: ಇಲ್ಲಿ ಕಟ್ಟುವುದಾದರೆ

ಕರ್ನಾಟಕದಲ್ಲಿ ಕೋಹೌಸಿಂಗ್‌ಗೆಂದೇ ಪ್ರತ್ಯೇಕ ಕಾನೂನಿಲ್ಲ, ಇರುವುದರಲ್ಲೇ ಹೊಂದಿಸಿಕೊಳ್ಳಬೇಕು. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಅಡಿ ಮನೆ ನಿಮ್ಮದು, ನೆಲದಲ್ಲಿ ಅವಿಭಜಿತ ಪಾಲು, ಜೊತೆಗೆ ನೋಂದಾಯಿಸಿದ ಬೈಲಾ, ಅಂದರೆ ಸಂಘದ ನಿಯಮಾವಳಿ. ಕೋಹೌಸಿಂಗ್ ಮನೋಧರ್ಮಕ್ಕೆ ಇದೇ ಹೆಚ್ಚು ಒಗ್ಗುತ್ತದೆ ಎಂದು ನನ್ನ ಅನಿಸಿಕೆ, ಏಕೆಂದರೆ ಸಾಮೂಹಿಕ ಅಡುಗೆಮನೆ, ಪಾಳಿ, ಸಭೆಯ ನಿಯಮಗಳನ್ನು ಬೈಲಾದಲ್ಲಿ ಸೇರಿಸಿಕೊಳ್ಳಲು ಅವಕಾಶವಿದೆ. ಗೃಹ ನಿರ್ಮಾಣ ಸಹಕಾರ ಸಂಘಗಳು ಬೆಂಗಳೂರಿನಲ್ಲಿ ಬಹುಮಟ್ಟಿಗೆ ಸೈಟು ಹಂಚುವ ಸಂಘಗಳಾಗಿ ಉಳಿದಿವೆ. ಸೈಟು ಕೈಗೆ ಬಂದ ಮೇಲೆ ಪ್ರತಿಯೊಬ್ಬರೂ ಕಾಂಪೌಂಡ್ ಎಬ್ಬಿಸಿಕೊಳ್ಳುತ್ತಾರೆ.

ಗೆಳೆಯರ ಗುಂಪು ಹೆಚ್ಚಾಗಿ ಬೀಳುವುದು ಕೃಷಿ ಜಮೀನಿನ ಆಸೆಗೆ. ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ನಿಜ. ಆದರೆ ಭೂಪರಿವರ್ತನೆ ಆಗದ ಜಮೀನಿನಲ್ಲಿ ಹತ್ತು ಮನೆಗಳ ವಸತಿ ಎಬ್ಬಿಸಲು ಬರುವುದಿಲ್ಲ. ಪಹಣಿಯಲ್ಲಿ ಎಂಟು ಹೆಸರುಗಳು ಜಂಟಿಯಾಗಿ ಕೂತರೆ, ಒಬ್ಬರು ತಮ್ಮ ತುಂಡನ್ನು ಬೇರೆ ಮಾಡಿ ಮಾರಲು ಆ ತುಂಡನ್ನು ಗುರುತಿಸುವ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು. ಉಳಿದವರು ಒಪ್ಪದಿದ್ದರೆ ಪಾಲಿನ ದಾವೆಯೇ ಗತಿ. ಎಂಟರಲ್ಲಿ ಒಬ್ಬರು ತೀರಿಕೊಂಡರೆ ಅವರ ಮೂವರು ವಾರಸುದಾರರು ಬಂದು ಸೇರುತ್ತಾರೆ, ಅವರನ್ನು ನೀವು ಕಂಡೂ ಇರುವುದಿಲ್ಲ. ಇನ್ನು ಹೊರದೇಶದಿಂದ ಮರಳುವ ಯೋಚನೆಯಲ್ಲಿರುವವರು ಗಮನಿಸಿ: ಅನಿವಾಸಿ ಭಾರತೀಯರು ಮತ್ತು ಓಸಿಐ ಕಾರ್ಡುದಾರರು (ವಿದೇಶಿ ಪೌರತ್ವದ ಭಾರತೀಯ ಮೂಲದವರು) ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್‌ಗಳನ್ನು ಕೊಳ್ಳುವಂತಿಲ್ಲ. ಇಲ್ಲಿನ ಗೆಳೆಯರ ಹೆಸರಿನಲ್ಲಿ ಕೊಂಡು ಆಮೇಲೆ ನೋಡೋಣ ಎಂಬ ದಾರಿಗೆ ಕಾಲಿಡಬೇಡಿ. ಅಡ್ವಾನ್ಸ್ ಕೊಡುವ ಮೊದಲು ಗುಂಪಿಗೆ ಸೇರದ ವಕೀಲರೊಬ್ಬರಿಂದ ಕಾಗದ ಓದಿಸಿ. ಗುಂಪಿನಲ್ಲೇ ವಕೀಲರಿದ್ದರೂ ಹೊರಗಿನವರೇ ಆಗಲಿ.

ಕಟ್ಟದೆಯೂ ಆರಂಭಿಸಬಹುದು. ಡೇವಿಸ್ ಪಟ್ಟಣದಲ್ಲೇ 1986ರಲ್ಲಿ ಎನ್ ಸ್ಟ್ರೀಟ್ ಎಂಬ ಬೀದಿಯ ಅಕ್ಕಪಕ್ಕದ ಮನೆಯವರು ಹಿತ್ತಲ ಬೇಲಿ ಕಿತ್ತುಹಾಕಿದರು. ನಂತರ ಪಕ್ಕದ ಮನೆ ಮಾರಾಟಕ್ಕೆ ಅಥವಾ ಬಾಡಿಗೆಗೆ ಬಂದಾಗಲೆಲ್ಲ ಆಸಕ್ತರೇ ಬಂದು ಸೇರಿಕೊಂಡರು, ಬೇಲಿಗಳು ಒಂದೊಂದಾಗಿ ಹೋದವು, ಒಂದು ಮನೆ ಕಾಮನ್ ಹೌಸ್ ಆಯಿತು. ಒಂದೇ ಬಡಾವಣೆಯಲ್ಲಿ, ಒಂದೇ ಅಪಾರ್ಟ್‌ಮೆಂಟಿನ ಬೇರೆ ಬೇರೆ ಮಹಡಿಗಳಲ್ಲಿ ಮೂರು ನಾಲ್ಕು ಮನೆ ಹಿಡಿಯುವ ಗೆಳೆಯರಿಗೂ ಇದು ಸಾಧ್ಯ. ಆರು ತಿಂಗಳು ವಾರಕ್ಕೆ ಎರಡು ರಾತ್ರಿ ಸರದಿಯ ಅಡುಗೆ ಮಾಡಿ ನೋಡಿ. ಅದು ನಡೆಯದಿದ್ದರೆ ಜಾಗ ಹುಡುಕುವ ಶ್ರಮವಾದರೂ ಉಳಿಯುತ್ತದೆ.

ನಡೆದರೆ ಮುಂದಿನ ಸಭೆಯಲ್ಲಿ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು ಮೊದಲ ಮೂರು ಪ್ರಶ್ನೆಗಳಿಗೆ ಅವರವರ ಉತ್ತರ ಬರೆಸಿ. ಗಂಡ ಹೆಂಡತಿಗೂ ಬೇರೆ ಬೇರೆ ಹಾಳೆ. ಹಣ, ಒಡೆತನ, ಹೊರಡುವ ರೀತಿ ಈ ಮೂರರಲ್ಲಿ ಯಾರ ಉತ್ತರ ತೀರಾ ಬೇರೆಯಿದೆಯೋ ಅವರು ಪಾಲುದಾರರಾಗುವುದು ಬೇಡ. ಅವರು ಹತ್ತಿರದಲ್ಲೇ ಬೇರೆ ಸೈಟು ತೆಗೆದುಕೊಳ್ಳಲಿ. ಊಟಕ್ಕೆ ಹೆಸರು ಬರೆಸಿ ಬಂದು ಹೋಗಬಹುದು.